ಗ್ರಂಥಾಲಯ ಎಂಬ ಋಣ

ಸಿಂಧನೂರಿನ ಹೃದಯಭಾಗದಲ್ಲಿ ಹೊಸದೊಂದು ಸಾರ್ವಜನಿಕ ಗ್ರಂಥಾಲಯ ಕಟ್ಟುವುದಾದರೆ ಅದು ಹೇಗಿರಬೇಕು? ಈ ಪ್ರಶ್ನೆಯನ್ನು ಎಂಜಿನಿಯರರಿಗೆ ಒಪ್ಪಿಸಿ ಸುಮ್ಮನಾಗುವುದು ನಮ್ಮ ರೂಢಿ. ಎಷ್ಟು ಚದರಡಿ, ಎಷ್ಟು ಮಹಡಿ, ಎಷ್ಟು ಕುರ್ಚಿ, ಯಾವ ಅನುದಾನ ಎಂಬುದು ಗೊತ್ತಾದರೆ ನಕ್ಷೆ ಸಿದ್ಧವಾಯಿತು ಎಂದುಕೊಳ್ಳುತ್ತೇವೆ. ಆದರೆ ಬಾಗಿಲು ಎಲ್ಲಿರಬೇಕು, ಕಪಾಟಿಗೆ ಬೀಗ ಬೇಕೆ, ಒಳಗೆ ಬಂದವರ ಹೆಸರು ಕೇಳಬೇಕೆ ಎಂಬ ಸಣ್ಣ ತೀರ್ಮಾನಗಳ ಹಿಂದೆ ಬಹಳ ಹಳೆಯದೊಂದು ಧರ್ಮಜಿಜ್ಞಾಸೆ ಇದೆ. ಜ್ಞಾನ ಯಾರ ಸ್ವತ್ತು? ಅದನ್ನು ಕೊಡುವವರಿಗೂ ಪಡೆಯುವವರಿಗೂ ನಡುವಿನ ಸಂಬಂಧ ಎಂಥದ್ದು? ನಮ್ಮ ಪರಂಪರೆ ಇದಕ್ಕೆ ಎರಡು ಉತ್ತರ ಕೊಟ್ಟಿದೆ. ಒಂದು, ವಿದ್ಯೆಯನ್ನು ಕೊಡುವುದು ದಾನ, ದಾನಗಳಲ್ಲೆಲ್ಲ ದೊಡ್ಡದು. ಇನ್ನೊಂದು, ವಿದ್ಯೆಯನ್ನು ಪಡೆದವರ ಮೇಲೆ ಅದು ಋಣ, ತೀರಿಸಲೇಬೇಕಾದದ್ದು. ಮೊದಲನೆಯ ಉತ್ತರವನ್ನು ನಾವು ಎಲ್ಲ ಉದ್ಘಾಟನಾ ಸಮಾರಂಭಗಳಲ್ಲೂ ಕೇಳುತ್ತೇವೆ. ಎರಡನೆಯದನ್ನು ಬಹುತೇಕ ಮರೆತಿದ್ದೇವೆ. ಸಾರ್ವಜನಿಕ ಗ್ರಂಥಾಲಯಕ್ಕೆ ಅಡಿಪಾಯವಾಗಬಲ್ಲದ್ದು ಆ ಎರಡನೆಯ ಉತ್ತರವೇ ಎಂಬುದು ನನ್ನ ವಾದ.

ವಿದ್ಯಾದಾನವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಅಲ್ಲಿ ಪೋಷಿಸಿದ ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ವಿವರ ಅದರಲ್ಲಿದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು ಐವತ್ತರಷ್ಟು ಮಂದಿ, ಅವರಿಗೆ ಉಪಾಧ್ಯಾಯರು, ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರು. ಇನ್ನೂರೈವತ್ತು ಓದುಗರಿಗೆ ಆರು ಗ್ರಂಥಪಾಲಕರು! ಇಂದಿನ ಯಾವ ತಾಲ್ಲೂಕು ಗ್ರಂಥಾಲಯವೂ ಈ ಪ್ರಮಾಣವನ್ನು ಕನಸಿನಲ್ಲೂ ಕಂಡಿರಲಾರದು. ಹತ್ತನೆಯ ಶತಮಾನದ ಕೊನೆಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. 1472ರಲ್ಲಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ತನ್ನ ಗ್ರಂಥಭಂಡಾರಕ್ಕೂ ಹೆಸರಾಗಿತ್ತು. ಇವೆಲ್ಲ ಉದಾರ ಕೈಗಳ ಕೆಲಸ. ಆದರೆ ದಾನದ ತತ್ತ್ವಕ್ಕೆ ಒಂದು ಒಳಶರತ್ತು ಇದೆ. ಗೀತೆಯ ಹದಿನೇಳನೆಯ ಅಧ್ಯಾಯವೂ ಸಾತ್ತ್ವಿಕ ದಾನವನ್ನು ವಿವರಿಸುವಾಗ ದೇಶ, ಕಾಲಗಳ ಜೊತೆಗೆ ಪಾತ್ರವನ್ನು, ಅಂದರೆ ಪಡೆಯುವವನ ಯೋಗ್ಯತೆಯನ್ನು ಹೇಳುತ್ತದೆ. ದಾನಿ ಪಾತ್ರಾಪಾತ್ರ ವಿವೇಚನೆ ಮಾಡಬೇಕು, ಮಾಡದಿದ್ದರೆ ದಾನ ಕೆಡುತ್ತದೆ. ನಾಗಾವಿಯ ಆರು ಭಂಡಾರಿಗರು ಕಾಯುತ್ತಿದ್ದ ಓಲೆಗರಿಗಳು ಆ ಇನ್ನೂರೈವತ್ತು ಮಂದಿಗಾಗಿ ಇದ್ದವು. ಅಲ್ಲಿನ ಒಕ್ಕಲಿಗನಿಗಾಗಲಿ, ಕಲ್ಲು ಕಡೆದವನಿಗಾಗಲಿ, ಅವರ ಮನೆಯ ಹೆಣ್ಣುಮಕ್ಕಳಿಗಾಗಲಿ ಅಲ್ಲ.

ಋಣದ ತತ್ತ್ವದಲ್ಲಿ ಈ ಶರತ್ತಿಗೆ ಜಾಗವೇ ಇಲ್ಲ. ಸಾಲ ತೀರಿಸಬೇಕಾದವನು ಸಾಲ ಕೊಟ್ಟವನ ಯೋಗ್ಯತೆಯನ್ನು ವಿಚಾರಿಸುವಂತಿಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸಬೇಕು ಅಷ್ಟೆ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ದೇವಋಣ, ಪಿತೃಋಣಗಳ ಜೊತೆಗಿನ ಋಷಿಋಣ ತೀರುವುದು ಅಧ್ಯಯನದಿಂದ. ನಮಗಿಂತ ಮುಂಚಿನವರು ಕಂಡದ್ದನ್ನು, ಕಲಿತದ್ದನ್ನು, ಬರೆದಿಟ್ಟದ್ದನ್ನು ನಾವು ಪಡೆದಿದ್ದೇವೆ. ಅವರಿಗೆ ಅದನ್ನು ಹಿಂದಿರುಗಿಸಲು ಸಾಧ್ಯವಿಲ್ಲ, ಮುಂದಿನವರಿಗೆ ದಾಟಿಸುವುದೊಂದೇ ದಾರಿ. ಇಲ್ಲಿ ಒಂದು ಆಕ್ಷೇಪ ಬಲವಾಗಿಯೇ ಏಳುತ್ತದೆ: ಸಂಹಿತೆಯ ಆ ಮಾತು ಬ್ರಾಹ್ಮಣನನ್ನು ಕುರಿತದ್ದು, ಹಾಗಾಗಿ ಋಷಿಋಣವೂ ಒಂದು ವರ್ಣದೊಳಗಿನ ಲೇವಾದೇವಿಯೇ ಅಲ್ಲವೆ? ಮೂಲದಲ್ಲಿ ಹೌದು. ಆದರೆ ಋಣದ ಕಲ್ಪನೆಯನ್ನು ಆ ಬೇಲಿಯಿಂದ ಹೊರಗೆ ತಂದವರೂ ಈ ನೆಲದಲ್ಲಿ ಆಗಿಹೋಗಿದ್ದಾರೆ, ಅದೂ ಬಹಳ ಹಿಂದೆಯೇ. ಅಶೋಕ ತನ್ನ ಆರನೆಯ ಬಂಡೆ ಶಾಸನದಲ್ಲಿ ತಾನು ಪಡುವ ಶ್ರಮವೆಲ್ಲ ಜೀವಿಗಳಿಗೆ ತನ್ನ ಮೇಲಿರುವ ಋಣವನ್ನು ತೀರಿಸಲು ಎಂದು ಹೇಳಿಕೊಂಡಿದ್ದಾನೆ. ಇಲ್ಲಿ ರಾಜನೇ ಸಾಲಗಾರ, ಪ್ರಜೆಗಳಷ್ಟೇ ಅಲ್ಲದೆ ಎಲ್ಲ ಜೀವಿಗಳೂ ಸಾಲ ಕೊಟ್ಟವರು. ಆಳುವವನ ಕೊಡುಗೆಯನ್ನು ಕೃಪೆ ಎನ್ನದೆ ಸಾಲದ ಕಂತು ಎಂದ ಈ ಮಾತಿಗೆ ಸಮನಾದದ್ದು ಪ್ರಾಚೀನ ರಾಜ್ಯಶಾಸ್ತ್ರದಲ್ಲಿ ವಿರಳ.

ಅದೇ ಅಶೋಕನ ಇನ್ನೊಂದು ಶಾಸನ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಮೇಲಿನ ಮಸ್ಕಿಯಲ್ಲಿದೆ. 1915ರಲ್ಲಿ ನಿಜಾಮ ಸಂಸ್ಥಾನದ ಚಿನ್ನದ ಗಣಿ ಕೆಲಸದಲ್ಲಿದ್ದ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಷ್ಟೇ ಇದ್ದವು. ಅಂಥ ಬಿರುದಿನ ಪಕ್ಕದಲ್ಲಿ ಅಶೋಕ ಎಂಬ ಹೆಸರನ್ನು ಮೊದಲು ತೋರಿಸಿದ್ದು ಮಸ್ಕಿಯ ಬಂಡೆ. ಈ ಕೀರ್ತಿ ಮಸ್ಕಿಗೆ ಸಲ್ಲಬೇಕಾದದ್ದೇ. ಆದರೆ ಹೆಸರಿನ ಸಡಗರದಲ್ಲಿ ಶಾಸನ ಹೇಳುವುದೇನು ಎಂಬುದು ಹಿಂದೆ ಸರಿಯಿತು ಎಂಬ ಕೊರಗು ನನಗಿದೆ. ತಾನು ಎರಡೂವರೆ ವರ್ಷಕ್ಕೂ ಮಿಗಿಲಾಗಿ ಬುದ್ಧನ ಉಪಾಸಕನಾಗಿದ್ದೇನೆ, ಸಂಘದ ಸಮೀಪಕ್ಕೆ ಹೋದ ಮೇಲೆ ಶ್ರಮಪಟ್ಟಿದ್ದೇನೆ ಎಂದು ದೊರೆ ಮೊದಲು ತನ್ನ ಲೆಕ್ಕ ಒಪ್ಪಿಸುತ್ತಾನೆ. ಆಮೇಲೆ ಬರುವುದು ಮುಖ್ಯ ಮಾತು. ಧರ್ಮದಲ್ಲಿ ನೆಲೆಯಾದರೆ ಸಣ್ಣ ಮನುಷ್ಯನೂ ಈ ಗುರಿಯನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಇದು ಸಾಧ್ಯ ಎಂದು ಯಾರೂ ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ, ದುರ್ಗದ ಗುಡ್ಡದ ಬಂಡೆಯ ಮೇಲೆ, ತಿಳಿವಳಿಕೆಯ ವಿಷಯದಲ್ಲಿ ಪಾತ್ರಾಪಾತ್ರ ವಿವೇಚನೆಯನ್ನು ಹೀಗೆ ತಳ್ಳಿಹಾಕಲಾಯಿತು. ಸಿಂಧನೂರಿನ ಗ್ರಂಥಾಲಯ ತನ್ನ ತತ್ತ್ವವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಆದರೆ ಆ ಬಂಡೆಯ ಭಾಷೆ ಪ್ರಾಕೃತ. ಇಲ್ಲಿನ ಜನಕ್ಕೆ ಪರಭಾಷೆ, ಓದಬಲ್ಲವರು ಬೆರಳೆಣಿಕೆ, ಮಾತನಾಡುತ್ತಿರುವವನು ಪಾಟಲಿಪುತ್ರದ ಚಕ್ರವರ್ತಿ. ಇದು ಪ್ರಭುತ್ವದ ಏಕಮುಖ ಘೋಷಣೆ, ಇದರಲ್ಲಿ ಗ್ರಂಥಾಲಯದ ಬೀಜ ಕಾಣುವುದು ಅತಿಯಾಯಿತು ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಶಾಸನ ಹೇಳುತ್ತದೆ, ಕೇಳುವವರಿಗೆ ಮರುಮಾತಿನ ಅವಕಾಶವಿಲ್ಲ. ಮಸ್ಕಿಯ ತತ್ತ್ವ ಈ ಜನರ ಬಾಯಿಗೆ ಬರಲು ಸುಮಾರು ಸಾವಿರದ ನಾನೂರು ವರ್ಷ ಹಿಡಿಯಿತು, ತಂದವರು ಈ ನೆಲದವರೇ. ವಚನಕಾರರು ಕನ್ನಡದಲ್ಲಿ ಅನುಭಾವವನ್ನು ಆಡಿದರು. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ದ್ವೈತ ಸಿದ್ಧಾಂತವನ್ನು ಕನ್ನಡದ ಹಾಡಿಗೂ ಷಟ್ಪದಿಗೂ ಇಳಿಸಿದರು. ಸಿಂಧನೂರು ತಾಲ್ಲೂಕಿನ ಅಂಬಾಮಠದೊಂದಿಗೆ ಹೆಸರು ಬೆಸೆದುಕೊಂಡಿರುವ ಚಿದಾನಂದಾವಧೂತರು ಅದ್ವೈತವನ್ನು ಜ್ಞಾನಸಿಂಧುವಾಗಿ ಕನ್ನಡದಲ್ಲಿ ಬರೆದರು. ಮುದಗಲ್ಲಿನ ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರಿ ಕರ್ಬಲಾದ ಕಥೆಯನ್ನು ನೆನೆಯುತ್ತಾರೆ. ಇವರೆಲ್ಲ ಸಮಾನತೆಯನ್ನು ಪೂರ್ತಿ ಸಾಧಿಸಿದರೆಂದು ಹೇಳಲಾರೆ. ಹಾಡನ್ನು ಹಂಚಿಕೊಂಡವರೇ ಪಂಕ್ತಿಯನ್ನು ಹಂಚಿಕೊಳ್ಳದ ಉದಾಹರಣೆಗಳು ಬೇಕಾದಷ್ಟಿವೆ. ಆದರೂ ವೇದಾಂತದಂಥ ಸೂಕ್ಷ್ಮ ವಿಷಯ ಓದುಬರಹವಿಲ್ಲದವರ ಕಿವಿಗೂ ಸಲ್ಲಬೇಕು ಎಂಬ ಹಟ ಮಾನ್ವಿ, ಲಿಂಗಸುಗೂರು, ಸಿಂಧನೂರು ಎಂಬ ಈ ಮೂರು ತಾಲ್ಲೂಕುಗಳ ಆಸುಪಾಸಿನಲ್ಲಿ ಶತಮಾನಗಳ ಕಾಲ ಜೀವಂತವಾಗಿತ್ತು. ಹೊಸ ಗ್ರಂಥಾಲಯ ಮುಂದುವರಿಸಬೇಕಾದದ್ದು ಆ ಹಟವನ್ನು.

ಇನ್ನು ಅಧಿಕಾರಭೇದದ ವಾದ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಭಾಷ್ಯ ಬರೆಯುತ್ತ ಶಂಕರರು ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ತೀರ್ಮಾನಿಸಿದರು. ಇತಿಹಾಸ ಪುರಾಣಗಳ ಮೂಲಕ ಜ್ಞಾನ ಪಡೆಯಲು ನಾಲ್ಕು ವರ್ಣಗಳಿಗೂ ಅವಕಾಶವಿದೆ ಎಂದು ಒಪ್ಪಿದರು. ಇಂದು ಆ ತೀರ್ಮಾನದ ಮೊದಲ ಅರ್ಧವನ್ನು ಬಹಿರಂಗವಾಗಿ ಸಮರ್ಥಿಸುವವರು ಕಡಿಮೆ. ಆದರೆ ಅದರ ಮೆದುವಾದ ರೂಪವೊಂದು ಎಲ್ಲೆಡೆ ಉಳಿದಿದೆ: ಅಧಿಕಾರ ಎಂದರೆ ಜಾತಿಯಲ್ಲ, ಸಿದ್ಧತೆ, ಸಿದ್ಧತೆಯಿಲ್ಲದವನ ಕೈಗೆ ಗಹನವಾದ ಗ್ರಂಥ ಕೊಟ್ಟರೆ ಅವನಿಗೂ ಪ್ರಯೋಜನವಿಲ್ಲ, ಗ್ರಂಥಕ್ಕೂ ಗೌರವವಿಲ್ಲ ಎಂಬುದು. ಕಲಿಕೆಗೆ ಮೆಟ್ಟಿಲುಗಳಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗುರುವಿಗೆ ಶಿಷ್ಯನ ಸಿದ್ಧತೆಯನ್ನು ಅಳೆಯುವ ಹಕ್ಕು ಉಂಟು, ಏಕೆಂದರೆ ಗುರು ಆ ಶಿಷ್ಯನ ಜೊತೆಗೇ ಇದ್ದು ಮುಂದಿನ ಮೆಟ್ಟಿಲಿಗೆ ಹತ್ತಿಸುವ ಹೊಣೆ ಹೊತ್ತಿರುತ್ತಾನೆ. ಕಟ್ಟಡಕ್ಕೂ ಸರಕಾರಕ್ಕೂ ಆ ಹೊಣೆ ಇಲ್ಲ, ಆದ್ದರಿಂದ ಅಳೆಯುವ ಹಕ್ಕೂ ಇಲ್ಲ. ಅಲ್ಲದೆ ಸಿದ್ಧತೆ ಬರುವುದಾದರೂ ಎಲ್ಲಿಂದ? ಅರ್ಥವಾಗದ ಪುಸ್ತಕವನ್ನು ಕೈಗೆತ್ತಿಕೊಂಡು, ನಾಲ್ಕು ಪುಟ ತಡವರಿಸಿ, ಕೆಳಗಿಟ್ಟು, ತಿಂಗಳ ಮೇಲೆ ಮತ್ತೆ ಎತ್ತಿಕೊಳ್ಳುವ ಸ್ವಾತಂತ್ರ್ಯದಿಂದಲೇ ಬಹಳ ಮಂದಿ ಓದುಗರಾಗಿದ್ದಾರೆ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂದಾಗ ಯಾರು ಓದುಗ ಎಂಬುದಕ್ಕೆ ಅರ್ಹತೆಯ ಗೆರೆ ಎಳೆಯಲಿಲ್ಲ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರ ಆ ಸೂತ್ರವನ್ನು ನಾನು ಧರ್ಮಸೂತ್ರವೆಂದೇ ಓದುತ್ತೇನೆ.

ಋಣದ ತತ್ತ್ವವನ್ನು ಒಪ್ಪಿದರೆ ನಕ್ಷೆ ಬದಲಾಗುತ್ತದೆ. ಮೊದಲು ಜಾಗ. ರಾಯಚೂರು, ಗಂಗಾವತಿ, ಕುಷ್ಟಗಿ, ಮಸ್ಕಿ, ಸಿರುಗುಪ್ಪ ಕಡೆಯ ದಾರಿಗಳು ಕೂಡುವ ಊರು ಸಿಂಧನೂರು. ಹಳ್ಳಿಯಿಂದ ಸಂತೆಗೆ, ಆಸ್ಪತ್ರೆಗೆ, ಎಪಿಎಂಸಿಗೆ ಬಂದವರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಡೆದು ಸೇರಬಹುದಾದ ಕಡೆ ಗ್ರಂಥಾಲಯ ಇರಬೇಕು. ಜಾಗ ಅಗ್ಗವೆಂದು ಊರಾಚೆಗೆ ಕಟ್ಟುವುದೆಂದರೆ ಗಾಡಿ ಇದ್ದವರನ್ನು ಪಾತ್ರರೆಂದು ಆರಿಸಿಕೊಂಡಂತೆ. ಎರಡನೆಯದು ರೂಪ. ಗ್ರಂಥಾಲಯವನ್ನು ಜ್ಞಾನದೇಗುಲ ಎಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನರ ಈ ಭಕ್ತಿ ನಿಜವಾದದ್ದು, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ದೇಗುಲದ ವಿನ್ಯಾಸವೇ ಹೊರಗಿನಿಂದ ಒಳಗೆ ಹೋದಂತೆ ಪ್ರವೇಶವನ್ನು ಕಿರಿದು ಮಾಡುತ್ತದೆ, ಗರ್ಭಗುಡಿಗೆ ಅರ್ಚಕರೊಬ್ಬರೇ. ಎತ್ತರದ ಮೆಟ್ಟಿಲು, ಕಂಬಗಳ ಮಂಟಪ, ಗಾಜಿನ ಬಾಗಿಲಿನ ಬೀರು, ಬೀಗದ ಕೈ ಹಿಡಿದ ನೌಕರ ಎಂಬ ವಿನ್ಯಾಸ ಆ ಗರ್ಭಗುಡಿಯದೇ ನಕಲು. ಸಾರ್ವಜನಿಕ ಗ್ರಂಥಾಲಯ ನೆಲಮಟ್ಟದಲ್ಲಿರಬೇಕು, ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ತಡೆಯಿಲ್ಲದೆ ಒಳಬರಬೇಕು, ಕಪಾಟುಗಳು ತೆರೆದಿರಬೇಕು. ತೆರೆದಿಟ್ಟರೆ ಪುಸ್ತಕ ಕಳುವಾಗುತ್ತವೆ ಎನ್ನುತ್ತಾರೆ. ಕೆಲವು ಖಂಡಿತ ಆಗುತ್ತವೆ. ಆ ನಷ್ಟವನ್ನು ಗ್ರಂಥಪಾಲಕರ ತಲೆಗೆ ಕಟ್ಟದೆ ವರ್ಷದ ಖರ್ಚಿನಲ್ಲಿ ಸೇರಿಸಿಕೊಂಡರೆ ಬೀಗ ತಾನಾಗಿ ಕಳಚುತ್ತದೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ದಪ್ಪ ಕಲ್ಲುಗೋಡೆ, ಅಗಲವಾದ ಪಡಸಾಲೆ, ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಕೂಡ ತತ್ತ್ವದ ಭಾಗವೇ. ಶೌಚಾಲಯವಿಲ್ಲದ ಕಟ್ಟಡ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿದ ಕಟ್ಟಡ.

ಓದಲು ಬಾರದವರಿಗೆ ಗ್ರಂಥಾಲಯವೇಕೆ ಎಂಬ ಪ್ರಶ್ನೆಗೆ ಇಲ್ಲಿ ಹೆಚ್ಚಿನ ತೂಕವಿದೆ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ರಷ್ಟು, ಮಹಿಳೆಯರಲ್ಲಿ ಅರ್ಧಕ್ಕಿಂತ ಕಡಿಮೆ. ರಾಜ್ಯದ ಸರಾಸರಿ ಆಗ ಶೇಕಡಾ 75ನ್ನು ಮೀರಿತ್ತು. ಅಕ್ಷರವನ್ನೇ ಪ್ರವೇಶದ ಅರ್ಹತೆಯಾಗಿಸಿದರೆ ಊರಿನ ಬಹಳಷ್ಟು ಹೆಂಗಸರು ಋಣದ ಲೆಕ್ಕದಿಂದಲೇ ಹೊರಗಾಗುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಒಳ್ಳೆಯತನವನ್ನು ಕೊನೆಭಾಗದ ಹೊಲಕ್ಕೆ ನೀರು ತಲುಪಿತೇ ಎಂಬುದರಿಂದ ಅಳೆಯುವ ಜನ ನಾವು. ಗ್ರಂಥಾಲಯಕ್ಕೂ ಅದೇ ಅಳತೆ ಸಲ್ಲಬೇಕು. ಹಾಗಾಗಿ ಹೊಸ ಕಟ್ಟಡದ ಅತಿ ದೊಡ್ಡ ಕೋಣೆ ಕೇಳುವ ಕೋಣೆಯಾಗಿರಲಿ. ಅಲ್ಲಿ ದಿನವೂ ಗೊತ್ತಾದ ಹೊತ್ತಿಗೆ ಪತ್ರಿಕೆ, ಕಥೆ, ಕಾನೂನು, ಬೆಳೆಯ ಮಾಹಿತಿ, ಪುರಾಣ, ವಿಜ್ಞಾನ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಲಿ, ಕೇಳಿದವರು ಪ್ರಶ್ನೆ ಕೇಳಲಿ, ಬಲ್ಲವರ ಹಾಡನ್ನು ಧ್ವನಿಮುದ್ರಿಸಿ ಕಪಾಟಿಗೆ ಸೇರಿಸಲಿ. ಶ್ರಾವಣದ ಪುರಾಣ ಪ್ರವಚನಕ್ಕೆ ರಾತ್ರಿಯೆಲ್ಲ ಕಿವಿಗೊಡುವ ಸೀಮೆಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಭಾಷೆಯ ಮಾತೂ ಇದಕ್ಕೆ ಸೇರಿದ್ದು. ಕಾಲುವೆ ಬಂದ ಮೇಲೆ ಭತ್ತ ಬೆಳೆಯಲು ಬಂದು ನೆಲೆಸಿದ ತೆಲುಗರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆರ್. ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬೇರೂರಿದ ಬಂಗಾಳಿ ಕುಟುಂಬಗಳು, ಉರ್ದು ಮಾತಿನ ಓಣಿಗಳು, ಲಂಬಾಣಿ ತಾಂಡಾಗಳು ಎಲ್ಲವೂ ಈ ಸೀಮೆಯವೇ. ಕನ್ನಡ ಯಜಮಾನಿಕೆಯ ಜಾಗದಲ್ಲಿ ಕೂತೇ ತೆಲುಗು, ಉರ್ದು, ಬಂಗಾಳಿ ಕಪಾಟುಗಳಿಗೆ ಎಡೆ ಮಾಡಿಕೊಡಬಹುದು. ಬಂಗಾಳಿ ಅಜ್ಜಿಯೊಬ್ಬರ ಭಾಷೆಯ ಒಂದು ಪುಸ್ತಕ ಅಲ್ಲಿ ಸಿಕ್ಕರೆ ಅವರ ಮೊಮ್ಮಗಳ ಕನ್ನಡಕ್ಕೆ ನಷ್ಟವಿಲ್ಲ. ವೇಳೆಯನ್ನೂ ಹೀಗೆಯೇ ಯೋಚಿಸಬೇಕು. ಕೂಲಿಗೆ ಹೋದವರು ಮರಳುವ ಮುನ್ನ ಮುಚ್ಚುವ ಗ್ರಂಥಾಲಯ ಅವರಿಗೆ ಇಲ್ಲದ್ದಕ್ಕೆ ಸಮ. ಪಾಳಿಯಲ್ಲಿ ದುಡಿಯುವ ಹಟ್ಟಿ ಚಿನ್ನದ ಗಣಿಯ ಕಾರ್ಮಿಕರಿರುವ ಲಿಂಗಸುಗೂರು ತಾಲ್ಲೂಕಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ಇಂದು ನಮ್ಮ ಗ್ರಂಥಾಲಯಗಳ ಮುಖ್ಯ ಓದುಗರು, ಅವರಿಗೆ ಕುರ್ಚಿ ಮೇಜು ಕೊಟ್ಟರೆ ಸಾಕು, ಉಳಿದದ್ದೆಲ್ಲ ಹಗಲುಗನಸು ಎಂಬ ಮಾತನ್ನೂ ಕೇಳುತ್ತೇವೆ. ಉದ್ಯೋಗ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಈ ಭಾಗದ ಯುವಜನರಿಗೆ ಸರಕಾರಿ ಹುದ್ದೆಯ ಆಸೆ ನ್ಯಾಯವಾಗಿಯೇ ಬೆಳೆದಿದೆ. ಆ ಓದನ್ನು ಕೀಳೆಂದು ಕಾಣುವವರ ಜೊತೆ ನನ್ನ ಜಗಳವಿದೆ, ಹಸಿವಿನಿಂದ ಹುಟ್ಟಿದ ಓದು ಯಾವುದಕ್ಕೂ ಕಡಿಮೆಯಲ್ಲ. ಅವರಿಗೆ ಪ್ರತ್ಯೇಕ, ಶಾಂತವಾದ, ತಡರಾತ್ರಿಯವರೆಗೆ ತೆರೆದ ಕೋಣೆ ಇರಲಿ. ಆದರೆ ಇಡೀ ಕಟ್ಟಡವೇ ಆ ಕೋಣೆಯಾಗಿಬಿಟ್ಟರೆ ಮಕ್ಕಳು, ಮುದುಕರು, ಓದು ಬಿಟ್ಟ ಹೆಂಗಸರು ಮೌನದ ಆಜ್ಞೆಗೆ ಹೆದರಿ ಹೊರಗುಳಿಯುತ್ತಾರೆ. ಋಣ ಒಂದೇ ವಯಸ್ಸಿನವರಿಗೆ ಸಂದಾಯವಾದರೆ ತೀರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಬೇರೆಯೇ ಇದೆ. ಅರ್ಹತೆ ಕೇಳದೆ ಎಲ್ಲ ಓದುಗರನ್ನೂ ಬಿಟ್ಟುಕೊಂಡಿರಿ, ಎಲ್ಲ ಪುಸ್ತಕಗಳನ್ನೂ ಬಿಟ್ಟುಕೊಳ್ಳುತ್ತೀರಾ? ಒಂದು ಮತವನ್ನು ಖಂಡಿಸುವ, ಒಂದು ಸಮುದಾಯದ ಮನ ನೋಯಿಸಬಹುದಾದ ಗ್ರಂಥ ಊರಿನ ನಡುವೆ ಬೇಕೆ? ಹಲವು ಮತಗಳು ಒಂದೇ ಓಣಿಯಲ್ಲಿ ಬಾಳುವ ಊರಿನಲ್ಲಿ ಈ ಭಯ ಸುಳ್ಳಲ್ಲ. ಇದಕ್ಕೆ ನಮ್ಮ ನೆಲದಲ್ಲೇ ಇನ್ನೊಂದು ಕಲ್ಲು ಉತ್ತರಿಸುತ್ತದೆ. 1980ರ ದಶಕದ ಕೊನೆಯಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ವಿಗ್ರಹದ ಪೀಠಕ್ಕೆ ಬಳಸಿದ್ದ ಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳು ಕಂಡವು. ಅವುಗಳಲ್ಲಿ ಒಂದು ಹನ್ನೆರಡನೆಯ ಬಂಡೆ ಶಾಸನದ ಭಾಗ. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಹೆಚ್ಚು ಹಾನಿ ಮಾಡುತ್ತಾನೆ, ಎಲ್ಲ ಪಂಥದವರೂ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಬಹುಶ್ರುತರಾಗಬೇಕು ಎಂಬುದು ಆ ಶಾಸನದ ಸಾರ. ಗಮನಿಸಬೇಕಾದದ್ದು, ಅದು ಮಾತಿನಲ್ಲಿ ಸಂಯಮವನ್ನು ಬೇಡುತ್ತದೆ, ಕೇಳುವುದರಲ್ಲಿ ಅಲ್ಲ. ಕೇಳುವುದನ್ನು ಹೆಚ್ಚಿಸಿ ಎನ್ನುತ್ತದೆ. ಸಾಮರಸ್ಯದ ಹೆಸರಿನಲ್ಲಿ ಕಪಾಟನ್ನು ಬರಿದು ಮಾಡಿದರೆ ಸಿಗುವುದು ಪರಸ್ಪರ ಅಜ್ಞಾನ, ವದಂತಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಕಾನೂನು ನಿಷೇಧಿಸಿದ್ದನ್ನು ಬಿಟ್ಟು ಉಳಿದದ್ದರಲ್ಲಿ ಆಯ್ಕೆಯನ್ನು ಗ್ರಂಥಪಾಲಕರ ವಿವೇಕಕ್ಕೆ ಬಿಡಬೇಕು. ಕುರಾನಿನ ಕನ್ನಡ ಅನುವಾದ, ಬಸವಣ್ಣನವರ ವಚನ, ಅಂಬೇಡ್ಕರರ ಬರಹ, ಹರಿಕಥಾಮೃತಸಾರ, ಬೈಬಲ್, ನಾಸ್ತಿಕರ ವಾದ ಎಲ್ಲವೂ ಒಂದೇ ಎತ್ತರದ ಅಟ್ಟಣೆಯಲ್ಲಿರಲಿ. ಕಪಾಟಿನ ಮುಂದೆ ನಿಂತವರನ್ನು ನೀವು ಯಾವ ಮತದವರು ಎಂದು ಯಾರೂ ಕೇಳದಿರಲಿ. ಯಾರು ಏನು ಓದಿದರು ಎಂಬ ದಾಖಲೆ ಗ್ರಂಥಾಲಯದಿಂದ ಹೊರಗೆ ಹೋಗದಂತೆ ನೋಡಿಕೊಳ್ಳುವುದೂ ಈ ಸಂಯಮದ ಒಂದು ಮುಖ.

ಹಣದ ಮಾತಿಗೆ ಬಂದರೆ ಋಣ ಎಂಬುದು ಉಪಮೆಯಾಗಿ ಉಳಿಯುವುದಿಲ್ಲ, ಲೆಕ್ಕಪುಸ್ತಕದ ಸಂಗತಿಯಾಗುತ್ತದೆ. ರಾಯಚೂರು ಸೀಮೆ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1955ರಲ್ಲಿ, ಆ ರಾಜ್ಯ ಗ್ರಂಥಾಲಯ ಕಾಯ್ದೆ ಮಾಡಿಕೊಂಡಿತ್ತು. ಮೈಸೂರು ರಾಜ್ಯದ ಕಾಯ್ದೆ ಬಂದದ್ದು ಹತ್ತು ವರ್ಷದ ಮೇಲೆ, 1965ರಲ್ಲಿ. ಆ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಗೆ ಈಗ ಶೇಕಡಾ 6ರಷ್ಟು ಗ್ರಂಥಾಲಯ ಉಪಕರ ವಸೂಲಾಗುತ್ತದೆ. ಮನೆಯೊಡೆಯ ಅದನ್ನು ಕಟ್ಟುತ್ತಾನೆ, ಬಾಡಿಗೆಯವನು ಬಾಡಿಗೆಯಲ್ಲಿ ಅದರ ಪಾಲು ಹೊರುತ್ತಾನೆ, ಅಂಗಡಿಯಲ್ಲಿ ಸಾಮಾನು ಕೊಂಡವಳೂ ಅಷ್ಟಿಷ್ಟು ಹೊರುತ್ತಾಳೆ. ಅಂದಮೇಲೆ ಊರಿನ ಜನ ಗ್ರಂಥಾಲಯಕ್ಕೆ ಮುಂಗಡ ಕೊಟ್ಟಾಗಿದೆ. ಸ್ಥಳೀಯ ಸಂಸ್ಥೆಗಳು ಈ ಹಣವನ್ನು ವಸೂಲು ಮಾಡಿಯೂ ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೆಯ ದೂರು. ಮೊಬೈಲಿನಲ್ಲಿ ಎಲ್ಲ ಸಿಗುವಾಗ ಇಷ್ಟು ಖರ್ಚೇಕೆ ಎನ್ನುವವರಿಗೆ ಮೊದಲು ಈ ಬಾಕಿಯನ್ನು ತೋರಿಸಬೇಕು. ಆಮೇಲೆ ಕೇಳಬೇಕು: ಆ ಮೊಬೈಲು ಮನೆಯಲ್ಲಿ ಯಾರ ಕೈಯಲ್ಲಿದೆ, ಎಷ್ಟು ಹೊತ್ತು, ಅದರಲ್ಲಿ ಬಂದದ್ದು ನಿಜವೇ ಎಂದು ನೋಡಲು ಎರಡನೆಯ ಆಧಾರ ಎಲ್ಲಿದೆ? ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರಗಳಾಗಿ ಹಲವು ಕಡೆ ಮಕ್ಕಳಿಂದ ತುಂಬಿವೆ. ಹಳ್ಳಿಯಲ್ಲಿ ಸಾಧ್ಯವಾದದ್ದು ನಗರದ ನಡುವೆ ಅಸಾಧ್ಯವಾಗಬಾರದು. ಕಟ್ಟಡಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಸಿಗಬಹುದು, ಆದರೆ ಸಿಬ್ಬಂದಿಯ ಸಂಬಳಕ್ಕೂ ಪುಸ್ತಕ ಖರೀದಿಗೂ ವರ್ಷವರ್ಷ ಹರಿಯಬೇಕಾದದ್ದು ಈ ಉಪಕರದ ಹಣವೇ. ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತುವ ಜಾಗದಲ್ಲಿ ಆ ಲೆಕ್ಕವನ್ನು ಬರೆಸಬೇಕು: ಈ ವರ್ಷ ನಗರದಿಂದ ವಸೂಲಾದ ಉಪಕರ ಎಷ್ಟು, ಗ್ರಂಥಾಲಯಕ್ಕೆ ಬಂದದ್ದೆಷ್ಟು, ಅದರಲ್ಲಿ ಪುಸ್ತಕಕ್ಕೆ ಎಷ್ಟು, ಸಂಬಳಕ್ಕೆ ಎಷ್ಟು, ಇನ್ನೂ ಬರಬೇಕಾದದ್ದೆಷ್ಟು.